ಏಕಟ್ಠಿಗೆ ಒಂದು ಕಡಿಮೆ: 18446744073709551615

18446744073709551615 ಇಪ್ಪತ್ತು ಅಂಕಿಗಳ ಒಂದು ಬೆಸ ಸಂಖ್ಯೆ. ಅರವತ್ತನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ ಒಂದು ಕಳೆದರೆ ಸಿಗುವುದು ಇದೇ. ಗಣಿತದ ಬರವಣಿಗೆಯಲ್ಲಿ 2⁶⁴ − 1. ನಮ್ಮ ರೂಢಿಯಂತೆ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಬಾಯಲ್ಲಿ ಓದಬೇಕಾದರೆ ಕೋಟಿಯ ಮೇಲೆ ಕೋಟಿ ಏರಿಸಬೇಕು: ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷ ಐವತ್ತೊಂದು ಸಾವಿರದ ಆರುನೂರ ಹದಿನೈದು.

ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ಸ್ಥಾನಗಳ ಹೆಸರು ಹದಿನೆಂಟನೆಯ ಪರಾರ್ಧಕ್ಕೆ ಮುಗಿಯುತ್ತದೆ. ಈ ಸಂಖ್ಯೆ ಆ ಪಟ್ಟಿಯೊಳಗೆ ಕೂರುವುದಿಲ್ಲ. ಅವರಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಅವರ ಪಟ್ಟಿಯ ಇಪ್ಪತ್ತನೆಯ ಸ್ಥಾನ ಮಹಾಶಂಖ. ಹಾಗಾಗಿ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ ಎಂದು ಶುರುವಾಗುತ್ತದೆ.

ಇಷ್ಟು ದೊಡ್ಡ ಸಂಖ್ಯೆಗಳು ಬೇಕಾದಷ್ಟಿವೆ. ಹೆಚ್ಚಿನವಕ್ಕೆ ಹೇಳಿಕೊಳ್ಳುವ ಕತೆಯಿಲ್ಲ. ಇದಕ್ಕೆ ಮಾತ್ರ ಜೈನ ಆಚಾರ್ಯರು, ಅರಬ್ಬಿ ಬಲ್ಲ ಖಗೋಳಶಾಸ್ತ್ರಜ್ಞರು, ಫ್ರಾನ್ಸಿನ ಆಟಿಕೆಗಾರ, ಕಂಪ್ಯೂಟರ್ ಎಂಜಿನಿಯರುಗಳು ಬೇರೆಬೇರೆ ದಾರಿಯಲ್ಲಿ ಬಂದು ಮುಟ್ಟಿದ್ದಾರೆ. ದಾರಿ ಬೇರೆಯಾದರೂ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಸಾಮಗ್ರಿ: ಅರವತ್ತನಾಲ್ಕು ಮನೆ, ಪ್ರತಿ ಮನೆಗೂ 'ಇದೆ' ಅಥವಾ 'ಇಲ್ಲ' ಎಂಬ ಎರಡೇ ಉತ್ತರ.

ಅಕ್ಷರಗಳ ಲೆಕ್ಕ

ಚದುರಂಗದ ಮಣೆಯ ಕತೆಯಿಂದ ಈ ಸಂಖ್ಯೆಯನ್ನು ಪರಿಚಯಿಸುವುದು ರೂಢಿ. ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ಬಾಗಿಲು ಶ್ರವಣಬೆಳಗೊಳದ ಕಡೆಗಿದೆ.

ಗೊಮ್ಮಟೇಶ್ವರನ ಮೂರ್ತಿಯನ್ನು ಕಡೆಯಿಸಿದ ಗಂಗರ ಮಂತ್ರಿ ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದವರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಅವರು ಪ್ರಾಕೃತದಲ್ಲಿ ಬರೆದ 'ಗೊಮ್ಮಟಸಾರ'ದ ಜೀವಕಾಂಡದಲ್ಲಿ, ಶ್ರುತಜ್ಞಾನವನ್ನು ವಿವರಿಸುವ ಭಾಗದಲ್ಲಿ, ಈ ಇಪ್ಪತ್ತು ಅಂಕಿಗಳು ಒಂದೂ ತಪ್ಪದೆ ಒಂದೇ ಗಾಹೆಯಲ್ಲಿ (ಪ್ರಾಕೃತ ಪದ್ಯದಲ್ಲಿ) ಬರುತ್ತವೆ. ಸಂಸ್ಕೃತದ ಗಣಿತ ಗ್ರಂಥಗಳು ಸಂಖ್ಯೆಯನ್ನು ಪದಗಳಲ್ಲಿ ಹೇಳುವಾಗ ಸಾಮಾನ್ಯವಾಗಿ ಬಿಡಿಸ್ಥಾನದಿಂದ ಎಡಕ್ಕೆ ನಡೆಯುತ್ತವೆ. ಇಲ್ಲಿ ಹಾಗಲ್ಲ. ನಾವು ಫೋನ್ ನಂಬರ್ ಹೇಳುವ ಹಾಗೆ ಎಡಗಡೆಯಿಂದಲೇ ಒಂದು, ಎಂಟು, ನಾಲ್ಕು, ನಾಲ್ಕು ಎಂದು ಹೇಳುತ್ತಾ ಹೋಗುತ್ತದೆ. ಸೊನ್ನೆ ಬಂದ ಎರಡು ಕಡೆಯೂ ಇರುವ ಪದ 'ಸುಣ್ಣ'. ಸಂಸ್ಕೃತದ ಶೂನ್ಯ ಪ್ರಾಕೃತದಲ್ಲಿ ತಾಳಿದ ರೂಪ ಅದು, ನಮ್ಮ 'ಸೊನ್ನೆ'ಯೂ ಅದರ ಮನೆಯದೇ.

ಅಲ್ಲಿ ಎಣಿಸಿರುವುದು ಅಕ್ಷರಗಳನ್ನು. ಜೈನ ಪರಂಪರೆಯಲ್ಲಿ ಮೂಲಾಕ್ಷರಗಳು 64: ಮೂವತ್ತಮೂರು ವ್ಯಂಜನ, ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಮೂರರಂತೆ ಇಪ್ಪತ್ತೇಳು, ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯ ಎಂಬ ನಾಲ್ಕು ಯೋಗವಾಹ. ಇವುಗಳಲ್ಲಿ ಒಂದನ್ನೇ ತೆಗೆದುಕೊಂಡರೆ 64 ಬಗೆ. ಎರಡೆರಡು ಕೂಡಿಸಿದರೆ 2,016. ಮೂರು ಮೂರು ಕೂಡಿಸಿದರೆ 41,664. ಹೀಗೆ ಅರವತ್ತನಾಲ್ಕೂ ಒಟ್ಟಿಗೆ ಸೇರುವ ಒಂದೇ ಒಂದು ಸಂಯೋಗದವರೆಗೆ ಕೂಡಿಸುತ್ತಾ ಹೋದರೆ ಮೊತ್ತ 2⁶⁴ − 1. ಇದನ್ನು ಅಷ್ಟು ಉದ್ದಕ್ಕೆ ಕೂಡಿಸಬೇಕಾಗಿಲ್ಲ. ಪ್ರತಿ ಅಕ್ಷರವೂ ಸಂಯೋಗದಲ್ಲಿ ಇದೆ ಅಥವಾ ಇಲ್ಲ. ಹೀಗೆ ಅರವತ್ತನಾಲ್ಕು ಸಲ ಎರಡೆರಡು ಆಯ್ಕೆ. ಯಾವ ಅಕ್ಷರವೂ ಇಲ್ಲದ ಒಂದು ಸಂದರ್ಭ ಸಂಯೋಗವೇ ಅಲ್ಲ, ಅದನ್ನು ಕಳೆಯಬೇಕು. ಕೊನೆಯ ಆ 'ಒಂದು ಕಡಿಮೆ' ಹುಟ್ಟುವುದು ಹೀಗೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಎಲ್ಲ ಸಂದರ್ಭಕ್ಕೂ ಒಪ್ಪುವ ಸೂತ್ರ ಮಹಾವೀರಾಚಾರ್ಯರ ಗ್ರಂಥದಲ್ಲಿದೆ.

ಜೈನ ಆಚಾರ್ಯರು ಅಕ್ಷರಗಳ ಈ ಲೆಕ್ಕಕ್ಕೇ ನಿಲ್ಲಿಸಲಿಲ್ಲ. ಆಗಮದ ಒಂದು ಮಧ್ಯಮ ಪದಕ್ಕೆ 1634,83,07,888 ಅಕ್ಷರಗಳು (1634 ಕೋಟಿ 83 ಲಕ್ಷ 7 ಸಾವಿರದ 888) ಎಂದು ಇಟ್ಟುಕೊಂಡು ಒಟ್ಟು ಅಕ್ಷರಸಂಖ್ಯೆಯನ್ನು ಅದರಿಂದ ಭಾಗಿಸಿದರು. ಭಾಗಲಬ್ಧ 112 ಕೋಟಿ 83 ಲಕ್ಷ 58 ಸಾವಿರದ 5. ಆಗಮದ ಹನ್ನೆರಡು ಅಂಗಗಳ, ಅಂದರೆ ದ್ವಾದಶಾಂಗದ, ಪದಗಳು ಇಷ್ಟು. ಉಳಿದ ಶೇಷ 8,01,08,175 ಅಕ್ಷರಗಳು ಆ ಅಂಗಗಳ ಹೊರಗಿನ ಅಂಗಬಾಹ್ಯಕ್ಕೆ. ಕಾಗದ ಪೆನ್ನು ಹಿಡಿದು ಹಿಂದಿನಿಂದ ಗುಣಿಸಿ ಶೇಷ ಸೇರಿಸಿ ನೋಡಬಹುದು: ಕೊನೆಯ 615 ಕೂಡ ಕೂಡಿಬರುತ್ತದೆ. ನಮ್ಮ ಮೇಜಿನ ಮೇಲಿನ ಸ್ಪ್ರೆಡ್‌ಶೀಟಿಗೆ ಇದೇ ಸಂಖ್ಯೆ ಕೊಟ್ಟರೆ ಅದು ಹದಿನೈದು ಅಂಕಿಗಳನ್ನಷ್ಟೇ ಹಿಡಿದಿಟ್ಟುಕೊಂಡು ಉಳಿದ ಕಡೆ ಸೊನ್ನೆ ತೋರಿಸುತ್ತದೆ. ಸಾವಿರ ವರ್ಷದ ಹಿಂದಿನ ಗಾಹೆ ಬಾಯಿಪಾಠದಲ್ಲಿ ಉಳಿಸಿಕೊಂಡು ಬಂದ ಐದು ಅಂಕಿಗಳು ಅಲ್ಲಿ ಅಳಿಸಿಹೋಗುತ್ತವೆ.

2⁶⁴ಕ್ಕೆ ಈ ಪರಂಪರೆಯಲ್ಲಿ ಹೆಸರೇ ಇದೆ. ನೇಮಿಚಂದ್ರರ 'ತ್ರಿಲೋಕಸಾರ' ಎರಡರಿಂದ ಹೊರಟು ವರ್ಗದ ಮೇಲೆ ವರ್ಗ ಮಾಡುವ ಶ್ರೇಢಿಯನ್ನು 'ದ್ವಿರೂಪವರ್ಗಧಾರಾ' ಎನ್ನುತ್ತದೆ: 4, 16, 256, ಆಮೇಲೆ 65536, ಅದರ ವರ್ಗ 4294967296, ಅದರ ವರ್ಗ 18446744073709551616. ಕೊನೆಯ ಮೂರಕ್ಕೆ ಕ್ರಮವಾಗಿ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂದು ಹೆಸರು. ಪಣ್ಣಟ್ಠಿ ಎಂದರೆ ಅರವತ್ತೈದು, ಬಾದಾಲ ಎಂದರೆ ನಲವತ್ತೆರಡು, ಏಕಟ್ಠಿಯಲ್ಲಿ ಇರುವುದು ಒಂದು ಮತ್ತು ಎಂಟು. ಉದ್ದ ಸಂಖ್ಯೆಯನ್ನು ಅದರ ಮೊದಲೆರಡು ಅಂಕಿಗಳಿಂದ ಕರೆಯುವ ಸಲಿಗೆ ಇದು. ದಿನವೂ ಇವುಗಳೊಡನೆ ಒಡನಾಡುವವರು ಮಾತ್ರ ಇಂಥ ಅಡ್ಡಹೆಸರು ಇಡುತ್ತಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬುದಕ್ಕೆ ವೀರಸೇನರ 'ಧವಳಾ' ಟೀಕೆಯಲ್ಲಿ 'ಅರ್ಧಚ್ಛೇದ' ಎಂಬ ಪರಿಭಾಷೆಯಿದೆ; ಏಕಟ್ಠಿಯ ಅರ್ಧಚ್ಛೇದ 64. ಧವಳಾದ ತಾಳೆಗರಿಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು. 'ಗೊಮ್ಮಟಸಾರ'ಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲೇ ವೃತ್ತಿ ಬರೆದ.

ಅಪವರ್ತನಗಳು

ಅಂಕಿಗಳನ್ನೆಲ್ಲ ಕೂಡಿದರೆ 87, ಮತ್ತೆ ಕೂಡಿದರೆ 15. ಆದ್ದರಿಂದ ಸಂಖ್ಯೆ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಕೊನೆಗೆ 15 ಇರುವುದರಿಂದ 5ರಿಂದ ಭಾಗವಾಗುತ್ತದೆ, 25ರಿಂದ ಆಗುವುದಿಲ್ಲ. ಇಷ್ಟನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಉಳಿದದ್ದನ್ನು ಬಿಡಿಸಲು ವರ್ಗಗಳ ವ್ಯತ್ಯಾಸದ ಸೂತ್ರವೊಂದೇ ಸಾಕು. 2⁶⁴ ಒಂದು ವರ್ಗ, 1 ಕೂಡ ವರ್ಗ. ಹಾಗಾಗಿ 2⁶⁴ − 1 ಎಂದರೆ (2³² + 1) ಗುಣಿಸು (2³² − 1). ಎರಡನೆಯದು ಮತ್ತೆ ಅದೇ ರೀತಿ ಒಡೆಯುತ್ತದೆ. 64 ಎನ್ನುವುದು ಎರಡರ ಆರನೆಯ ಘಾತವಾದ್ದರಿಂದ ಈ ಒಡೆಯುವಿಕೆ ಆರು ಸಲ ನಡೆದು ಕೊನೆಗೆ ಸಿಗುವುದು

3 × 5 × 17 × 257 × 65537 × 4294967297.

ಈ ಆರೂ ಫರ್ಮಾ ಸಂಖ್ಯೆಗಳು. ಫ್ರಾನ್ಸಿನ ಪಿಯೆರ್ ದ ಫರ್ಮಾ 1640ರಲ್ಲಿ, ಎರಡರ ಘಾತಸ್ಥಾನದಲ್ಲಿ ಮತ್ತೆ ಎರಡರ ಘಾತವನ್ನೇ ಇಟ್ಟು ಒಂದು ಕೂಡಿದರೆ ಬರುವುದೆಲ್ಲ ಅವಿಭಾಜ್ಯ ಸಂಖ್ಯೆ ಎಂದು ನಂಬಿದ್ದರು. ಮೊದಲ ಐದು ನಿಜಕ್ಕೂ ಅವಿಭಾಜ್ಯವೇ. ಫರ್ಮಾ ಅವರ ಈ ನಂಬಿಕೆಯ ಕಡೆಗೆ ಗೋಲ್ಡ್‌ಬಾಕ್ 1729ರಲ್ಲಿ ಆಯ್ಲರ್ ಅವರ ಗಮನ ಸೆಳೆದರು. ಮೂರು ವರ್ಷದ ನಂತರ, 1732ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆಯ್ಲರ್ ಆರನೆಯದನ್ನು ಒಡೆದು ತೋರಿಸಿದರು: 4294967297 = 641 × 6700417.

641 ಕುರುಡಾಗಿ ಸಿಕ್ಕ ಸಂಖ್ಯೆಯಲ್ಲ. 2³² + 1ಕ್ಕೆ ಅವಿಭಾಜ್ಯ ಅಪವರ್ತನವಿದ್ದರೆ ಅದು 64ರ ಯಾವುದೋ ಗುಣಕಕ್ಕೆ ಒಂದು ಸೇರಿದ್ದಾಗಿರಲೇಬೇಕು ಎಂದು ಆಯ್ಲರ್ ಸಾಧಿಸಿದರು. ಅಂಥ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಐದನೆಯ ಪ್ರಯತ್ನಕ್ಕೇ ಬಾಗಿಲು ತೆರೆಯುತ್ತದೆ. ದೊಡ್ಡ ಭಾಗಾಕಾರ ಮಾಡದೆಯೂ ಇದನ್ನು ಕಾಣಬಹುದು. 641 ಎಂದರೆ 640 + 1, ಅಂದರೆ 5 × 2⁷ + 1. ಅದೇ 641 ಎಂದರೆ 625 + 16, ಅಂದರೆ 5⁴ + 2⁴. ಮೊದಲನೆಯ ರೂಪದ ಪ್ರಕಾರ 5 × 2⁷ ಅನ್ನು 641ರಿಂದ ಭಾಗಿಸಿದರೆ ಶೇಷ −1. ಅದನ್ನು ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ಕ್ಕೆ ಶೇಷ 1. ಎರಡನೆಯ ರೂಪದ ಪ್ರಕಾರ 5⁴ ಇದ್ದ ಕಡೆ −2⁴ ಇಡಬಹುದು. ಆಗ −2³²ಕ್ಕೆ ಶೇಷ 1, ಅಂದರೆ 2³² + 1ಕ್ಕೆ ಶೇಷ ಸೊನ್ನೆ. ನಾಲ್ಕು ಸಾಲಿನಲ್ಲಿ ಮುಗಿಯುವ ಈ ವಾದದಷ್ಟು ಅಚ್ಚುಕಟ್ಟಾದದ್ದು ಅಂಕಗಣಿತದಲ್ಲಿ ಹೆಚ್ಚಿಲ್ಲ.

ಹೀಗೆ 2⁶⁴ − 1ರ ಪೂರ್ಣ ಅಪವರ್ತನ 3 × 5 × 17 × 257 × 641 × 65537 × 6700417. ಏಳು ಅವಿಭಾಜ್ಯಗಳು, ಒಂದೂ ಎರಡು ಸಲ ಬರುವುದಿಲ್ಲ. ಪಕ್ಕದ ಸಂಖ್ಯೆಗಳನ್ನೂ ನೋಡಬೇಕು. ಒಂದು ಕೂಡಿದರೆ ಏಕಟ್ಠಿ. ಅದರ ಅವಿಭಾಜ್ಯ ಅಪವರ್ತನ ಎರಡೊಂದೇ. ಎರಡು ಕೂಡಿದರೆ ಏಳನೆಯ ಫರ್ಮಾ ಸಂಖ್ಯೆ. ಅದನ್ನು 274177 × 67280421310721 ಎಂದು ಫ್ರಾನ್ಸಿನ ಲಾಂಡ್ರಿ 1880ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಒಡೆದರು. ಏಕಟ್ಠಿಗಿಂತ ಚಿಕ್ಕದಾದ ಅವಿಭಾಜ್ಯಗಳಲ್ಲಿ ಅತಿ ದೊಡ್ಡದು ಬೇಕಾದರೆ 59 ಹಿಂದಕ್ಕೆ ಸರಿದು 18446744073709551557ಕ್ಕೆ ಬರಬೇಕು.

ಮೊದಲ ಆರು ಫರ್ಮಾ ಸಂಖ್ಯೆಗಳ ಗುಣಲಬ್ಧವೇ ಏಳನೆಯದಕ್ಕಿಂತ ಎರಡು ಕಡಿಮೆ ಎಂಬುದನ್ನು ಗಮನಿಸಬೇಕು. ಆ ಆರರಲ್ಲಿ ಯಾವುದನ್ನಾದರೂ ಭಾಗಿಸುವ ಬೆಸ ಅವಿಭಾಜ್ಯ ಏಳನೆಯದನ್ನೂ ಭಾಗಿಸಿದರೆ ಅದು 2ನ್ನೂ ಭಾಗಿಸಬೇಕಾಗುತ್ತದೆ, ಅದು ಸಾಧ್ಯವಿಲ್ಲ. ಫರ್ಮಾ ಸಂಖ್ಯೆಗಳಲ್ಲಿ ಯಾವ ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲ ಎನ್ನುವುದು ಇದೇ ಜಾಡಿನಲ್ಲಿ ಸಿದ್ಧವಾಗುತ್ತದೆ. ಪ್ರತಿ ಹೊಸ ಫರ್ಮಾ ಸಂಖ್ಯೆಯೂ ಹೊಸ ಅವಿಭಾಜ್ಯವೊಂದನ್ನು ತರಲೇಬೇಕಾದ್ದರಿಂದ ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂಬುದಕ್ಕೂ ಇದೊಂದು ಸಾಧನೆ.

ಭಾಜಕಗಳು ಮತ್ತು ಮೇರುಪ್ರಸ್ತಾರ

ಏಳು ಬೇರೆಬೇರೆ ಅವಿಭಾಜ್ಯಗಳಿರುವುದರಿಂದ ಭಾಜಕಗಳು 2⁷, ಅಂದರೆ 128. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಸಂಖ್ಯೆಯ ಸುಮಾರು ನೂರಕ್ಕೆ ಎಪ್ಪತ್ತು ಪಾಲಷ್ಟೇ ಆಗುತ್ತದೆ. ಹಾಗಾಗಿ ಇದು ನ್ಯೂನ ಸಂಖ್ಯೆ. ಇದಕ್ಕಿಂತ ಚಿಕ್ಕದಾಗಿದ್ದು ಇದರೊಡನೆ 1ರ ಹೊರತು ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಸುಮಾರು ಶೇ 49.92.

ಈ 128 ಭಾಜಕಗಳಲ್ಲಿ ಸರಿಯಾಗಿ ಅರ್ಧ ಪಿಂಗಳನ ಛಂದಶ್ಶಾಸ್ತ್ರಕ್ಕೆ ಹಲಾಯುಧ ಬರೆದ ವ್ಯಾಖ್ಯಾನದ ಮೇರುಪ್ರಸ್ತಾರದಲ್ಲಿ ಅಡಗಿವೆ. ಮೇಲೆ 1, ಕೆಳಗೆ 1 1, ಅದರ ಕೆಳಗೆ 1 2 1, ಆಮೇಲೆ 1 3 3 1 ಎಂದು ಬೆಳೆಯುವ ಆ ತ್ರಿಕೋನದಲ್ಲಿ ಬೆಸ ಇದ್ದಲ್ಲಿ 1, ಸಮ ಇದ್ದಲ್ಲಿ 0 ಬರೆದು ಪ್ರತಿ ಸಾಲನ್ನೂ ದ್ವಿಮಾನ ಪದ್ಧತಿಯ ಸಂಖ್ಯೆಯಾಗಿ ಓದಿದರೆ 1, 3, 5, 15, 17, 51, 85, 255 ಎಂದು ಸಾಗುತ್ತದೆ. ಎಲ್ಲವೂ ಫರ್ಮಾ ಸಂಖ್ಯೆಗಳ ಗುಣಲಬ್ಧಗಳು. ಅರವತ್ತನಾಲ್ಕನೆಯ ಸಾಲು 1, 63, 1953, 39711 ಎಂದು ಮುಂದುವರಿಯುತ್ತದೆ. ಅದರಲ್ಲಿ ಒಂದೂ ಸಮಸಂಖ್ಯೆಯಿಲ್ಲ. ಅರವತ್ತನಾಲ್ಕು ಒಂದುಗಳ ಆ ಸಾಲೇ ನಮ್ಮ ಸಂಖ್ಯೆ. ಮೊದಲ ಅರವತ್ತನಾಲ್ಕು ಸಾಲುಗಳು ಕೊಡುವುದು 64 ಭಾಜಕಗಳನ್ನು. ಉಳಿದ 64ರಲ್ಲಿ 641 ಮತ್ತು 6700417 ಎರಡರಲ್ಲಿ ಒಂದು ಮಾತ್ರ ಇರುತ್ತದೆ. ಅಂದರೆ ಆಯ್ಲರ್ 4294967297 ಅನ್ನು ಒಡೆಯುವವರೆಗೆ ಅವು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಮೊದಲ 32 ಸಾಲುಗಳಿಗೆ ರೇಖಾಗಣಿತದಲ್ಲೂ ಬೆಲೆಯಿದೆ. ಗೌಸ್ 1796ರಲ್ಲಿ ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಎರಡರಿಂದಲೇ ಹದಿನೇಳು ಭುಜಗಳ ನಿಯಮಿತ ಆಕೃತಿಯನ್ನು ರಚಿಸಬಹುದೆಂದು ಕಂಡುಕೊಂಡರು. ಬೆಸ ಭುಜಗಳ ಆಕೃತಿ ಹೀಗೆ ರಚನೆಯಾಗಬೇಕಾದರೆ ಭುಜಗಳ ಸಂಖ್ಯೆ ಬೇರೆಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಅಂಥ ಅವಿಭಾಜ್ಯಗಳು ಇಂದಿಗೂ ಐದೇ ಗೊತ್ತಿರುವುದರಿಂದ ಬೆಸ ಭುಜಗಳ ರಚನೀಯ ಆಕೃತಿಗಳು 31. ದೊಡ್ಡದಕ್ಕೆ 4294967295 ಭುಜ. 2⁶⁴ − 1 ಭುಜಗಳದ್ದು ರಚನೀಯವಲ್ಲ. 641 ಅಡ್ಡಬರುತ್ತದೆ.

ಚದುರಂಗದ ಮಣೆ

ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು ಎಂದು ಅರವತ್ತನಾಲ್ಕು ಮನೆಗೂ ದುಪ್ಪಟ್ಟು ಮಾಡಿ ಕೊಡು ಎಂದು ಕೇಳಿದ ಜಾಣನ ಕತೆ ಎಲ್ಲರಿಗೂ ಗೊತ್ತು. ಅರಬ್ಬಿ ಲೇಖಕರು ಅವನನ್ನು ಸಿಸ್ಸಾ ಎಂದು ಕರೆದು ಭಾರತದವನೆಂದರು. ಕೇರಳದ ಅಂಬಲಪ್ಪುಳದಲ್ಲಿ ಆಟಕ್ಕೆ ಕೂತವನು ಸಾಕ್ಷಾತ್ ಕೃಷ್ಣ. ಸೋತ ರಾಜನ ಸಾಲ ತೀರಿಸಲು ಅಲ್ಲಿನ ಗುಡಿಯಲ್ಲಿ ಪಾಲ್‌ಪಾಯಸ ಹಂಚುತ್ತಾರೆ ಎಂಬ ಐತಿಹ್ಯವಿದೆ. ಕ್ರಿ.ಶ. 1000ದ ಸುಮಾರಿಗೆ ಅಲ್ ಬಿರೂನಿ ಈ ಮೊತ್ತವನ್ನು ವರ್ಗದ ಮೇಲೆ ವರ್ಗ ಮಾಡಿ ಸರಿಯಾಗಿ ಕಂಡುಹಿಡಿದರು. ದ್ವಿರೂಪವರ್ಗಧಾರೆಯ ದಾರಿಯೂ ಅದೇ.

ಸಾವಿರ ಕಾಳಿಗೆ 25 ಗ್ರಾಂ ತೂಗುವ ದಪ್ಪಕ್ಕಿ ತೆಗೆದುಕೊಳ್ಳೋಣ. ಮೊದಲ ಸಾಲಿನ ಎಂಟು ಮನೆಗೆ 255 ಕಾಳು, ಒಂದು ಹಿಡಿಯೂ ಆಗುವುದಿಲ್ಲ. ಎರಡು ಸಾಲು ಮುಗಿದಾಗ ಒಂದೂವರೆ ಕಿಲೋ ಚಿಲ್ಲರೆ. ಮೂರನೆಯ ಸಾಲಿಗೆ ಐವತ್ತು ಕಿಲೋದ ಎಂಟು ಮೂಟೆ. ಅರ್ಧ ಮಣೆಗೆ 107 ಟನ್, ಹತ್ತು ಹನ್ನೊಂದು ಲಾರಿ ಲೋಡು. ರಾಜ ಇಲ್ಲಿಯವರೆಗೂ ನಿಶ್ಚಿಂತೆಯಿಂದ ಇರಬಹುದು. ಪೂರ್ತಿ ಮಣೆಗೆ ಸುಮಾರು 46 ಸಾವಿರ ಕೋಟಿ ಟನ್. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿನ ಆಸುಪಾಸು. ಒಂಬೈನೂರು ವರ್ಷದ ಬೆಳೆ ಬೇಕು. ಪ್ರತಿ ಮನೆಯ ಕಾಳು ಅದರ ಹಿಂದಿನ ಎಲ್ಲ ಮನೆಗಳ ಒಟ್ಟಿಗಿಂತ ಒಂದು ಹೆಚ್ಚು ಎಂಬುದು ಈ ಶ್ರೇಢಿಯ ಒಳಗುಟ್ಟು. ಹಾಗಾಗಿ ಕೊನೆಯ ಮನೆಯೊಂದೇ ಉಳಿದ ಅರವತ್ತಮೂರನ್ನೂ ಮೀರಿಸುತ್ತದೆ.

ಕಾಶಿಯ ಬಿಲ್ಲೆಗಳು

ಎಡುವಾರ್ ಲೂಕಾ ಎಂಬ ಫ್ರೆಂಚ್ ಗಣಿತಜ್ಞ 1883ರಲ್ಲಿ 'ಹನೋಯ್ ಗೋಪುರ' ಎಂಬ ಆಟಿಕೆ ಹೊರತಂದರು. ಮೂರು ಕಂಬ, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದಾಗಿ ಜೋಡಿಸಿದ ಬಿಲ್ಲೆಗಳು. ಒಂದು ಸಲಕ್ಕೆ ಒಂದೇ ಬಿಲ್ಲೆ ಎತ್ತಿ, ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ, ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಅತಿ ದೊಡ್ಡ ಬಿಲ್ಲೆ ಒಮ್ಮೆ ಮಾತ್ರ ಕದಲುತ್ತದೆ, ಅದರ ಮೇಲಿನದು ಎರಡು ಸಲ, ಅದರ ಮೇಲಿನದು ನಾಲ್ಕು ಸಲ. ಬಿಲ್ಲೆ 64 ಇದ್ದರೆ ಒಟ್ಟು ನಡೆಗಳು ಮತ್ತೆ 2⁶⁴ − 1. ಕಾಶಿಯ ಗುಡಿಯೊಂದರಲ್ಲಿ ಅರ್ಚಕರು ಚಿನ್ನದ 64 ಬಿಲ್ಲೆಗಳನ್ನು ಹಗಲಿರುಳು ಹೀಗೆ ಸಾಗಿಸುತ್ತಿದ್ದಾರೆ, ಮುಗಿದ ಗಳಿಗೆ ಪ್ರಳಯ ಎಂಬ ಕತೆ ಆಟಿಕೆಯ ಜೊತೆಗೆ ಹಬ್ಬಿತು. ಕತೆ ಹುಟ್ಟಿದ್ದು ಫ್ರಾನ್ಸಿನಲ್ಲಿ. ಇದನ್ನು ನಮ್ಮ ಪುರಾಣವೆಂದು ಪಠ್ಯಗಳಲ್ಲಿ ಹೇಳುವುದನ್ನು ಬಿಡಬೇಕು. ಸೆಕೆಂಡಿಗೊಂದು ನಡೆಯಂತೆ ಲೆಕ್ಕ ಹಾಕಿದರೆ 58,454 ಕೋಟಿ ವರ್ಷ. ನಿಜವಾದ ಪುರಾಣದ ಅಳತೆಯಲ್ಲಿ, 432 ಕೋಟಿ ವರ್ಷದ ಕಲ್ಪಗಳು 135 ಆಗಿ ಮಿಗುತ್ತವೆ.

ಕಂಪ್ಯೂಟರಿನಲ್ಲಿ

ಇಂದಿನ ಕಂಪ್ಯೂಟರು, ಮೊಬೈಲುಗಳ ಪ್ರೊಸೆಸರ್ ಒಂದು ಸಲಕ್ಕೆ 64 ಬಿಟ್ ಹಿಡಿಯುತ್ತದೆ. ಋಣ ಚಿಹ್ನೆಯಿಲ್ಲದ ಸಂಖ್ಯೆಗಳಲ್ಲಿ ಅಲ್ಲಿ ಹಿಡಿಸುವ ಗರಿಷ್ಠ ಇದೇ: ಅರವತ್ತನಾಲ್ಕು ಬಿಟ್ಟೂ 1. ಅದಕ್ಕೆ ಇನ್ನೊಂದು ಕೂಡಿಸಿದರೆ, ಹಳೆ ಸ್ಕೂಟರಿನ ಮೀಟರ್ ಒಂಬತ್ತುಗಳಿಂದ ಸೊನ್ನೆಗಳಿಗೆ ತಿರುಗಿದಂತೆ, ಎಲ್ಲ ಸೊನ್ನೆ. ಒಂದು ಕೂಡಿದಾಗ ಸೊನ್ನೆ ಕೊಡುವುದು −1 ತಾನೆ? ಆದ್ದರಿಂದ ಋಣ ಚಿಹ್ನೆ ಒಪ್ಪುವ ಲೆಕ್ಕದಲ್ಲಿ ಇದೇ ಬಿಟ್ಟುಗಳ ಅರ್ಥ −1. ಚದುರಂಗ ಆಡುವ ಪ್ರೋಗ್ರಾಮುಗಳು ಮಣೆಯ ಒಂದೊಂದು ಮನೆಗೆ ಒಂದೊಂದು ಬಿಟ್ ಕೊಟ್ಟು ಇಡೀ ಮಣೆಯನ್ನು ಒಂದೇ ಸಂಖ್ಯೆಯಲ್ಲಿ ಇಡುತ್ತವೆ. ಎಲ್ಲ ಮನೆಯೂ ತುಂಬಿದ ಮಣೆಗೆ ಅಲ್ಲಿನ ಹೆಸರು ಈ ಸಂಖ್ಯೆ.

ಏಳು ಅವಿಭಾಜ್ಯಗಳಿಗೂ ಇಲ್ಲಿ ದಿನದ ಕೆಲಸವಿದೆ. ಯಾದೃಚ್ಛಿಕ ಸಂಖ್ಯೆ ಉತ್ಪಾದಿಸಲು ಜಾರ್ಜ್ ಮಾರ್ಸಾಗ್ಲಿಯಾ 2003ರಲ್ಲಿ ಪ್ರಕಟಿಸಿದ ಒಂದು ವಿಧಾನ 64 ಬಿಟ್‌ಗಳನ್ನು ಅತ್ತಿತ್ತ ಸರಿಸಿ ಬೆರೆಸುತ್ತದೆ. ಎಲ್ಲ ಸೊನ್ನೆಯ ಸ್ಥಿತಿಯೊಂದನ್ನು ಬಿಟ್ಟು ಉಳಿದ 2⁶⁴ − 1 ಸ್ಥಿತಿಗಳನ್ನೂ ಹಾದ ಮೇಲೆಯೇ ಅದು ಹೊರಟಲ್ಲಿಗೆ ಮರಳಬೇಕು. ಹಾಗಾಗುತ್ತದೆಯೇ ಎಂದು ನಡೆಸಿ ನೋಡುವಂತಿಲ್ಲ. ಸೆಕೆಂಡಿಗೆ 300 ಕೋಟಿ ಹೆಜ್ಜೆ ಹಾಕಿದರೂ 195 ವರ್ಷ ಬೇಕು. ಬದಲಿಗೆ ಪೂರ್ತಿ ಸುತ್ತಿನ ನಂತರ ಮರಳುತ್ತದೆ ಎಂದು ಖಚಿತಪಡಿಸಿಕೊಂಡು, ಸುತ್ತಿನ ಮೂರನೆಯ ಒಂದು ಪಾಲು, ಐದನೆಯ ಒಂದು ಪಾಲು, ಹೀಗೆ 6700417ನೆಯ ಒಂದು ಪಾಲಿನವರೆಗೆ ಏಳೇ ಕಡೆ ಅದು ಅಕಾಲದಲ್ಲಿ ಮರಳುವುದಿಲ್ಲವೆಂದು ನೋಡಿದರೆ ಸಾಕು. ಅಷ್ಟು ದೂರಕ್ಕೆ ಜಿಗಿಯಲು ಮತ್ತೆ ವರ್ಗದ ಮೇಲೆ ವರ್ಗ ಮಾಡುವ ಹಳೆಯ ಉಪಾಯವೇ ಒದಗುತ್ತದೆ.

ಆದರೂ ಒಮ್ಮೆ ಮನುಷ್ಯರು ಇಷ್ಟನ್ನು ಒಂದೊಂದಾಗಿ ಎಣಿಸುವ ಹತ್ತಿರಕ್ಕೆ ಹೋಗಿದ್ದಾರೆ. 64 ಬಿಟ್ ಕೀಲಿಯಿಂದ ಮುಚ್ಚಿದ ಸಂದೇಶವೊಂದನ್ನು ತೆರೆಯುವ ಸ್ಪರ್ಧೆಗಾಗಿ ಡಿಸ್ಟ್ರಿಬ್ಯೂಟೆಡ್.ನೆಟ್ ಎಂಬ ಸ್ವಯಂಸೇವಕರ ಕೂಟ 1997ರಲ್ಲಿ ಲಕ್ಷಾಂತರ ಜನರ ಕಂಪ್ಯೂಟರುಗಳನ್ನು ಹುಡುಕಾಟಕ್ಕೆ ಹಚ್ಚಿತು. ಸರಿಯಾದ ಕೀಲಿ ಸಿಕ್ಕಿದ್ದು 2002ರ ಜುಲೈಯಲ್ಲಿ. ಅಷ್ಟರಲ್ಲಿ ಏಕಟ್ಠಿಯಷ್ಟು ಕೀಲಿಗಳಲ್ಲಿ ಐದಕ್ಕೆ ನಾಲ್ಕು ಪಾಲಿಗಿಂತ ಹೆಚ್ಚಿನವನ್ನು ಪ್ರಯತ್ನಿಸಿ ನೋಡಿಯಾಗಿತ್ತು.